ಸಹಿಯ ಕೆಳಗಿನ ಕಡ್ಡಿ

ಬೊಬ್ರುವಾಡ, ಅಂಕೋಲಾ
12 ಜೂನ್ 2003

ತಮ್ಮ ಶಾಂತಾರಾಮನಿಗೆ ಗೋದಾವರಿ ಅಕ್ಕನ ಆಶೀರ್ವಾದ.

ನಿನ್ನ ಜೆಫರ್ಸನ್ ಪುಸ್ತಕದ ಮೊದಲ ಅಧ್ಯಾಯದ ಶುದ್ಧ ಪ್ರತಿ ಮುಗಿಯಿತು. ನಾಳೆ ಬೆಳಗಿನ ಕಾರವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ಸ್ಟ್ಯಾಂಡಿಗೆ ಹೋಗಿ ಇಸಿದುಕೋ. ಕಾಲೇಜಿನಲ್ಲಿ ಇತಿಹಾಸ ಕಲಿಸುವವನ ಅಕ್ಷರವೇ ಇದು? ಮಸಿಯಲ್ಲಿ ಬಿದ್ದ ಏಡಿ ಕಾಗದದ ಮೇಲೆ ಓಡಿದ ಹಾಗಿದೆ. ಮೂವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದ ಅಕ್ಕೋರು ಸಿಕ್ಕಿದ್ದಕ್ಕೆ ನೀನು ಬಚಾವು.

ಪ್ರತಿ ಮಾಡುವ ಮೊದಲು ಮಾಸ್ತರಿಗೆ ಓದಿ ಹೇಳಿದೆ. ಗಂಡನನ್ನು ಮಾಸ್ತರು ಎಂದು ಬರೆಯುವುದು ನಿನ್ನಿಂದ ಅಂಟಿದ ಚಾಳಿ. ಫ್ರಾನ್ಸಿನಿಂದ ಬಂದ ಜೆಫರ್ಸನ್, ಮನಸ್ಸಿಲ್ಲದ ಮನಸ್ಸಿನಿಂದ ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ನರ ಸಂಪುಟದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಲು ಒಪ್ಪುವ ಭಾಗ ಬಂದಾಗ ನಕ್ಕುಬಿಟ್ಟರು. ನಮ್ಮ ಉದಯ ವಾಚನಾಲಯ ಸಂಘದ ಕಾರ್ಯದರ್ಶಿಯಾಗು ಎಂದಾಗ ನೀನೂ ಹೀಗೇ ಕೊಸರಾಡಿದ್ದೆಯಂತೆ. ಆಮೇಲೆ ಹದಿನಾಲ್ಕು ವರ್ಷ ಅವರು ಅಧ್ಯಕ್ಷರು, ನೀನು ಕಾರ್ಯದರ್ಶಿ. ನೀನು ಅದನ್ನು ಬಿಟ್ಟು ಕದ್ವಾಡಕ್ಕೆ ಹೋಗಿ ಎರಡು ವರ್ಷವಾದರೂ ಅವರ ಬಾಯಲ್ಲಿ ಇನ್ನೂ ನಿನ್ನದೇ ಹೆಸರು.

ಈಗ ಹೇಳುವುದನ್ನು ನಿನ್ನಲ್ಲೇ ಇಟ್ಟುಕೋ. ಫೋನು ಅವರ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ಬರೆಯುತ್ತಿದ್ದೇನೆ. ಮಾಸ್ತರ ಕಣ್ಣು ಹೋಗುತ್ತಿದೆ. ಹುಬ್ಬಳ್ಳಿಯ ಡಾಕ್ಟರು, ಹೋದದ್ದು ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾರೆ ಎಂದರು. ಎದುರು ಬಂದವರ ನೆರಳು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಸಂಘದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತೇನೆ. ಸಹಿ ಮಾಡುವ ಜಾಗದ ಕೆಳಗೆ ಕಸಬರಿಗೆಯಿಂದ ಮುರಿದ ತೆಂಗಿನ ಹಿಡಿಕಡ್ಡಿಯ ಒಂದು ತುಂಡು ಇಡುತ್ತೇನೆ. ಅವರು ಎಡಗೈ ಬೆರಳಲ್ಲಿ ಅದನ್ನು ಮುಟ್ಟಿ ನೋಡಿ, ಅದರ ಮೇಲೆ ನೇರವಾಗಿ ಸಹಿ ಮಾಡುತ್ತಾರೆ. ಮೊದಲ ಸಲ ಹಾಗೆ ಮಾಡಿದಾಗ ಒಳಗೆ ಹೋಗಿ ಅತ್ತುಬಿಟ್ಟೆ.

ವಾಚನಾಲಯಕ್ಕೆ ಕಟ್ಟಿಸುತ್ತಿರುವ ಹೊಸ ಓದುವ ಕೋಣೆ ಮುಗಿಯುವವರೆಗೆ ಯಾರಿಗೂ ತಿಳಿಯಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನ್ನನ್ನೂ ಹೊರತು ಮಾಡಲಿಲ್ಲ. ಆದರೂ ನನಗೆ ಒಬ್ಬರಿಗಾದರೂ ಹೇಳದೆ ಇರಲಾಗಲಿಲ್ಲ.

ನಿನ್ನ ಅಕ್ಕ
ಗೋದಾವರಿ


ಕದ್ವಾಡ, ಕಾರವಾರ
25 ಜೂನ್ 2003

ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಕಾಲೇಜಿಗೆ ಹೋಗುವ ಮನಸ್ಸಾಗಲಿಲ್ಲ. ಮಂಜಗುಣಿಯಿಂದ ಬರಿಗಾಲಲ್ಲಿ ಬಂದ ಕೂಲಿಯವಳ ಮಗನನ್ನು ಹೈಸ್ಕೂಲಿನ ಮೊದಲ ಬೆಂಚಿನಲ್ಲಿ ಕೂರಿಸಿದವರು ಮಾಸ್ತರು. ಮಧ್ಯಾಹ್ನ ನಿಮ್ಮ ಅಡುಗೆಮನೆಯಲ್ಲಿ ಗಂಜಿ, ಒಣಶೆಟ್ಲಿ ಸಿಗಡಿಯ ಚಟ್ನಿ. ಆ ಕಣ್ಣಿಗೆ ಹೀಗಾಗಬಾರದಿತ್ತು.

ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೂ ಕೇಳುತ್ತೇನೆ, ಇದು ಇನ್ನು ಯಾರಿಗೆ ಗೊತ್ತು? ವಾಚನಾಲಯದ ಜಟ್ಟು ಕಾಗದಪತ್ರ ಹಿಡಿದು ದಿನಾ ಮನೆಗೆ ಬರುತ್ತಾನಲ್ಲ, ಅವನ ಕಣ್ಣಿಗೆ ಬಿದ್ದಿದೆಯೇ? ಸಭೆಯ ಠರಾವುಗಳನ್ನು ಪೂರ್ತಿ ಓದಿ ಹೇಳುತ್ತೀರೋ, ಸಾರಾಂಶ ಹೇಳುತ್ತೀರೋ?

ನಾನಂತೂ ಇಲ್ಲಿ ಸುಖವಾಗಿದ್ದೇನೆ. ಹಿತ್ತಲಲ್ಲಿ ಹರಿವೆ ಬೆಳೆಸಿದ್ದೇನೆ, ಸಂಜೆ ಬರೆಯುತ್ತೇನೆ. ಸಂಘ, ಸಭೆ ಯಾವುದೂ ನೆನಪಾಗುವುದಿಲ್ಲ. ಮೊನ್ನೆ ಸಂಘದ ಕಾರವಾರದ ಸದಸ್ಯರಿಬ್ಬರು ಬಂದಿದ್ದರು. ಚಹಾ ಕುಡಿದು, ಹವೆಯ ಮಾತಾಡಿ ಹೋದರು. ಎರಡನೆಯ ಅಧ್ಯಾಯ ಕಳಿಸಿದ್ದೇನೆ.

ನಿಮ್ಮ
ಶಾಂತಾರಾಮ


ಬೊಬ್ರುವಾಡ
9 ನವೆಂಬರ್ 2003

ತಮ್ಮನಿಗೆ,

ಮೂರನೆಯ ಅಧ್ಯಾಯ ಬಹಳ ಚಂದ ಬಂದಿದೆ. ಜೆಫರ್ಸನ್ ಕಾರ್ಯದರ್ಶಿ ಪದವಿಗೆ ರಾಜೀನಾಮೆ ಕೊಟ್ಟು ಬೆಟ್ಟದ ಮೇಲಿನ ಮನೆಗೆ ಹೋಗಿ, ನನಗಿನ್ನು ಬಟಾಣಿ ಗಿಡ ಸಾಕು, ರಾಜಕಾರಣ ಬೇಡ ಎಂದು ಎಲ್ಲರಿಗೂ ಪತ್ರ ಬರೆಯುತ್ತಾನಲ್ಲ, ಅದನ್ನು ಎರಡು ಸಲ ಓದಿಸಿದರು. ಮೂರು ವರ್ಷ ಕಳೆಯುವುದರೊಳಗೆ ಚುನಾವಣೆಯ ಕಣದಲ್ಲಿ ಕಾಣಿಸಿಕೊಳ್ಳುತ್ತಾನೆ, ನೋಡುತ್ತಿರು ಎಂದು ನನಗೆ ಮೊದಲೇ ಹೇಳಿದರು. ನಿನ್ನ ಹರಿವೆ ಹೇಗಿದೆ ಎಂದು ನಾನು ಕೇಳುವುದಿಲ್ಲ.

ನೀನು ಜೂನಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ತಡವಾಯಿತು. ಜಟ್ಟುವಿಗೆ ಏನೂ ಗೊತ್ತಿಲ್ಲ. ಅವನು ಜಗಲಿಯಲ್ಲೇ ಕೂತಿರುತ್ತಾನೆ. ಠರಾವು ಪೂರ್ತಿ ಓದುತ್ತೇನೆ, ಒಂದು ಅಕ್ಷರ ಬಿಟ್ಟರೂ ಮಾಸ್ತರು ಕಿವಿಯಲ್ಲೇ ಹಿಡಿಯುತ್ತಾರೆ. ಇಷ್ಟೆಲ್ಲ ವಿವರ ಕೇಳುವ ನಿನ್ನ ಕಾಳಜಿ ನೋಡಿ ಸಮಾಧಾನವಾಯಿತು.

ಫೆಬ್ರವರಿಯ ವಾರ್ಷಿಕ ಸಭೆಗೆ ನೀನು ತಪ್ಪದೆ ಬರಬೇಕು. ಮಾಸ್ತರು ಅಲ್ಲಿ ಒಂದು ವಿಷಯ ಹೇಳುವವರಿದ್ದಾರೆ. ನನಗೆ ಗೊತ್ತು, ಆದರೆ ಈಗ ಹೇಳುವುದಿಲ್ಲ. ನಿನ್ನ ಮುಖ ನೋಡುವುದು ನನ್ನಿಂದಾಗುತ್ತದೆ, ಅದನ್ನು ಅವರಿಗೆ ಬಣ್ಣಿಸಿ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಅಕ್ಕ


ಬೊಬ್ರುವಾಡ
3 ಫೆಬ್ರವರಿ 2004

ಶಾಂತಾರಾಮ,

ಇದರ ಜೊತೆ ಒಂದು ಕರಪತ್ರ ಇಟ್ಟಿದ್ದೇನೆ. ನಿನ್ನೆ ಅಂಕೋಲೆಯ ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಹಂಚಿದ್ದಾರೆ. ಕೆಳಗೆ ‘ಒಬ್ಬ ಓದುಗ’ ಎಂದಿದೆ. ಮೀನು ಕಟ್ಟಿಕೊಟ್ಟ ಕಾಗದದಲ್ಲಿ ನಾನು ಅದನ್ನು ಮೊದಲು ನೋಡಿದೆ.

‘ಓದಲಾರದ ಅಧ್ಯಕ್ಷರು ವಾಚನಾಲಯಕ್ಕೆ ಏಕೆ?’ ಎಂದು ಶುರು. ಕಣ್ಣು ಕಾಣದ್ದನ್ನು ಒಂದು ವರ್ಷದಿಂದ ಸದಸ್ಯರಿಂದ ಮುಚ್ಚಿಟ್ಟಿದ್ದಾರೆ ಎಂದು ಬರೆದಿದ್ದಾರೆ. ಕಡೆಗೆ ಈ ಸಾಲು: ‘ಸಂಘ ನಡೆಯುತ್ತಿರುವುದು ಅಧ್ಯಕ್ಷರ ಕೈಯಿಂದಲ್ಲ, ಅಕ್ಕೋರು ಸಹಿಯ ಕೆಳಗಿಡುವ ಹಿಡಿಕಡ್ಡಿಯಿಂದ.’

ಮಾಸ್ತರಿಗೆ ನಾನು ಓದಿ ಹೇಳಬೇಕಾಯಿತು. ಬೇರೆ ಯಾರು ಓದುತ್ತಾರೆ? ಕಡ್ಡಿಯ ಸಾಲು ಬಿಟ್ಟು ಓದಿದೆ. ಸಂಜೆ ಯಾರೋ ಬಂದು ಅದನ್ನೇ ಹೇಳಿ, ಸಮಾಧಾನ ಮಾಡಿ ಹೋದರು. ಅವರು ಹೋದ ಮೇಲೆ ಮಾಸ್ತರು ಜಟ್ಟುವನ್ನು ಕರೆಸಿದರು. ಇಪ್ಪತ್ತೆರಡು ವರ್ಷದಿಂದ ವಾಚನಾಲಯದ ಕಸ ಗುಡಿಸಿದ ಮುದುಕ. ಈ ಮನೆಗೆ ಬಂದು ಹೋಗುವವನು ನೀನೊಬ್ಬನೇ, ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದರು. ಅವನು ಕೀಲಿ ಗೊಂಚಲು ಜಗಲಿಯ ಮೇಲಿಟ್ಟು ಹೋದ.

ಇದನ್ನು ಯಾರು ಮಾಡಿರಬಹುದು? ನೀನು ಎರಡು ದಿನ ರಜೆ ಹಾಕಿ ಬಾ.

ಅಕ್ಕ


ಕದ್ವಾಡ
7 ಫೆಬ್ರವರಿ 2004

ಅಕ್ಕನಿಗೆ,

ಕರಪತ್ರ ಕಾರವಾರದಲ್ಲೂ ಹಂಚಿದ್ದಾರೆ. ಬಹಳ ನೋವಾಯಿತು. ಬರಬೇಕೆಂದಿದ್ದೆ, ಪರೀಕ್ಷೆಯ ಕೆಲಸ ಬಿಡುತ್ತಿಲ್ಲ.

ಯಾರು ಮಾಡಿದರು ಎಂದು ಹುಡುಕಿ ಪ್ರಯೋಜನವಿಲ್ಲ. ಜಟ್ಟು ಕೆಟ್ಟವನಲ್ಲ, ಆದರೆ ಶೇಂದಿ ಅಂಗಡಿಯಲ್ಲಿ ಮನುಷ್ಯ ಏನು ಮಾತಾಡುತ್ತಾನೋ ಅವನಿಗೇ ತಿಳಿದಿರುವುದಿಲ್ಲ. ಈಗ ಮಾಸ್ತರ ಗೌರವ ಮುಖ್ಯ. ಸಭೆಯಲ್ಲಿ ನಾಲ್ಕು ಜನರ ಪ್ರಶ್ನೆಗೆ ನಿಲ್ಲುವುದಕ್ಕಿಂತ ಮೊದಲೇ ರಾಜೀನಾಮೆ ಕೊಡುವುದು ಲೇಸಲ್ಲವೇ? ಇದು ನನ್ನ ಅಭಿಪ್ರಾಯ ಎಂದು ಹೇಳಬೇಡಿ, ನಿಮ್ಮದೇ ಎಂಬಂತೆ ಹೇಳಿ.

ಇಲ್ಲಿಯ ಸದಸ್ಯರು ನೀವೇ ನಿಲ್ಲಿ ಎಂದು ಬೆನ್ನು ಬಿದ್ದಿದ್ದಾರೆ. ಸಂಘ ಯಾರ್ಯಾರದೋ ಕೈಗೆ ಹೋಗಬಾರದಲ್ಲ ಎಂದು ಯೋಚಿಸುತ್ತಿದ್ದೇನೆ. ನಾಲ್ಕನೆಯ ಅಧ್ಯಾಯ ಕಳಿಸಿದ್ದೇನೆ. ಮನಸ್ಸು ಬೇರೆಡೆಗೆ ತಿರುಗಲು ಅದು ಅನುಕೂಲವಾದೀತು.

ಶಾಂತಾರಾಮ


ಬೊಬ್ರುವಾಡ
19 ಫೆಬ್ರವರಿ 2004

ಶಾಂತಾರಾಮನಿಗೆ,

ಮಾಸ್ತರು ರಾಜೀನಾಮೆ ಕೊಟ್ಟರು. ನಿನಗೆ ತಲುಪಿರಬೇಕು.

ನಾಲ್ಕನೆಯ ಅಧ್ಯಾಯ ಪ್ರತಿ ಮಾಡಿದೆ. ಜೆಫರ್ಸನ್ ಕಾರ್ಯದರ್ಶಿಯಾಗಿದ್ದಾಗಲೇ ಒಬ್ಬ ಪತ್ರಕರ್ತನಿಗೆ ತನ್ನ ಇಲಾಖೆಯಲ್ಲಿ ಅನುವಾದಕನ ಕೆಲಸ ಕೊಡುತ್ತಾನೆ. ಆ ಪತ್ರಕರ್ತ ಜೆಫರ್ಸನ್ ಕೂತಿರುವ ಸರ್ಕಾರವನ್ನೇ ಬೈಯುವ ಪತ್ರಿಕೆ ನಡೆಸುತ್ತಾನೆ, ಅದರ ಮೂರು ಮೂರು ಪ್ರತಿಗಳನ್ನು ಅಧ್ಯಕ್ಷರ ಮನೆಗೇ ಕಳಿಸುತ್ತಾನೆ. ವಾಷಿಂಗ್ಟನ್ ಸಿಟ್ಟಾದರೆ ಜೆಫರ್ಸನ್, ನನಗೂ ಆ ಪತ್ರಿಕೆಗೂ ಏನು ಸಂಬಂಧ ಎನ್ನುತ್ತಾನೆ. ಇದಕ್ಕೆ ನೀನು ಬರೆದ ಮಾತನ್ನು ನನ್ನ ಕೈಯಾರೆ ನಕಲು ಮಾಡಿದ್ದೇನೆ: ‘ತನ್ನ ಬಾಯಿಂದ ಹೇಳಲಾಗದ ಸತ್ಯವನ್ನು ಇನ್ನೊಬ್ಬರ ಬಾಯಿಂದ ಹೇಳಿಸುವುದು ದ್ರೋಹವಲ್ಲ, ರಾಜಕಾರಣ.’

ಒಂದು ಪ್ರಶ್ನೆ. ಆ ಪತ್ರಕರ್ತನಿಗೆ ಅಧ್ಯಕ್ಷರ ಮನೆಯೊಳಗಿನ ಸಂಗತಿಗಳನ್ನು ಹೇಳುತ್ತಿದ್ದವರು ಯಾರು?

ಮೊನ್ನೆ ನಾನು ಜಟ್ಟುವಿನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಸೋಮಿ ಕೂರಲು ಮಣೆ ಕೊಟ್ಟು ಒಳಗೆ ಹೋದಳು. ಜಟ್ಟು ಹೇಳಿದ್ದಿಷ್ಟೇ: “ನಾ ಯಾರ ಹತ್ರ ಹೇಳುಕೆ ಹೋಗ್ಲಿ ಅಕ್ಕೋರೇ? ಆ ಕಡ್ಡಿ ಎಂತಕೆ ಅಂತೇ ನಂಗೆ ಗೊತ್ತಿರ್ಲಿಲ್ಲ. ಒಂದಿನ ಕಾಗದದ ಒಳಗೆ ಸಿಕ್ಕಿತ್ತು, ಕಸ ಅಂತ ಬಿಸಾಡ್ದೆ.” ಅವನು ಸುಳ್ಳು ಹೇಳುತ್ತಿಲ್ಲ.

ಕಡ್ಡಿಯ ಸಂಗತಿಯನ್ನು ನಾನು ನನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಬರೆದಿದ್ದೇನೆ.

ಗೋದಾವರಿ


ಕದ್ವಾಡ
27 ಫೆಬ್ರವರಿ 2004

ಅಕ್ಕನಿಗೆ ನಮಸ್ಕಾರ.

ಇಪ್ಪತ್ತೆರಡರ ಸಭೆಯಲ್ಲಿ ಎಲ್ಲರೂ ಸೇರಿ ನನ್ನನ್ನು ಅವಿರೋಧವಾಗಿ ಅಧ್ಯಕ್ಷನನ್ನಾಗಿ ಮಾಡಿದರು. ಬೇಡವೆಂದರೂ ಕೇಳಲಿಲ್ಲ. ಮಾಸ್ತರ ಸೇವೆಯನ್ನು ನೆನೆದು ಹತ್ತು ನಿಮಿಷ ಮಾತಾಡಿದೆ. ಅವರು ಬಂದಿದ್ದರೆ ಸಭೆಗೆ ಕಳೆ ಇರುತ್ತಿತ್ತು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ ಬಿಡಿಸಿದ್ದೆ.

ನಿಮ್ಮ ಪ್ರಶ್ನೆ ಒಳ್ಳೆಯದು. ಆ ಪತ್ರಕರ್ತನಿಗೆ ಸುದ್ದಿ ಎಲ್ಲಿಂದ ಬರುತ್ತಿತ್ತು ಎನ್ನುವುದಕ್ಕೆ ಖಚಿತ ಆಧಾರಗಳಿಲ್ಲ. ಇತಿಹಾಸ ಬರೆಯುವವನು ಆಧಾರವಿಲ್ಲದೆ ಮಾತಾಡಬಾರದು.

ಕಡೆಯ ಅಧ್ಯಾಯ ಮುಗಿಯಿತು, ಕಳಿಸಿದ್ದೇನೆ. ಹೊಸ ಅಧ್ಯಕ್ಷ ಜೆಫರ್ಸನ್ ಪ್ರಮಾಣವಚನ ತೆಗೆದುಕೊಳ್ಳುವ ದಿನ, ಚುನಾವಣೆಯಲ್ಲಿ ಸೋತ ಹಿಂದಿನ ಅಧ್ಯಕ್ಷ ಆಡಮ್ಸ್ ಅದನ್ನು ನೋಡಲು ಮನಸ್ಸಿಲ್ಲದೆ ನಸುಕಿನಲ್ಲೇ ಗಾಡಿ ಕಟ್ಟಿಸಿಕೊಂಡು ಊರು ಬಿಡುತ್ತಾನೆ. ಹಳೆಯ ಗೆಳೆಯರು, ಆದರೂ ಅವನಿಗೆ ದೊಡ್ಡ ಮನಸ್ಸು ಬರಲಿಲ್ಲ. ಪುಸ್ತಕವನ್ನು ಮಾಸ್ತರಿಗೆ ಅರ್ಪಿಸಿದ್ದೇನೆ.

ಶಾಂತಾರಾಮ


ಬೊಬ್ರುವಾಡ
10 ಮಾರ್ಚ್ 2004

ಅಧ್ಯಕ್ಷರಾದ ಶಾಂತಾರಾಮ ಅವರಿಗೆ,

ನಿಮ್ಮನ್ನು ನೀನು ಎನ್ನಲು ಇನ್ನು ನನಗೆ ಬಾಯಿ ಬರುವುದಿಲ್ಲ.

ಆಧಾರ ಕೇಳಿದಿರಿ. ಹೋದ ಜೂನ್ ಹನ್ನೆರಡರ ನನ್ನ ಪತ್ರವೇ ಆಧಾರ. ಅದನ್ನು ತೆಗೆದು ನೋಡಿ, ಹರಿದು ಹಾಕಿರದಿದ್ದರೆ. ಯಾರಿಗೆ ಗೊತ್ತು, ಜಟ್ಟು ನೋಡಿದ್ದಾನೆಯೇ ಎಂದೆಲ್ಲ ಕೇಳಿದ್ದನ್ನು ಕಾಳಜಿ ಎಂದುಕೊಂಡೆನಲ್ಲ, ನನ್ನಂಥ ದಡ್ಡಿ ಬೇರೆ ಇಲ್ಲ. ಬೆಂಚಿನ ಮೇಲೆ ನಿಲ್ಲಿಸಬೇಕಾದ್ದು ನನ್ನನ್ನು.

ನವೆಂಬರಿನಲ್ಲಿ ನಾನು ಹೇಳದೆ ಬಿಟ್ಟ ವಿಷಯ ಏನು ಗೊತ್ತೇ? ವಾರ್ಷಿಕ ಸಭೆಯಲ್ಲಿ ಮಾಸ್ತರು ತಾವೇ ಎದ್ದು, ನನಗೆ ಕಣ್ಣಿಲ್ಲ, ನನ್ನ ಜಾಗಕ್ಕೆ ಶಾಂತಾರಾಮ ಬರಲಿ ಎಂದು ಹೇಳುವವರಿದ್ದರು. ಆ ಭಾಷಣ ನಾನೇ ಬರೆದುಕೊಂಡೆ. ದೀಪಾವಳಿಯಿಂದ ಅದನ್ನು ಬಾಯಿಪಾಠ ಮಾಡುತ್ತಿದ್ದರು. ಇಪ್ಪತ್ತು ದಿನ ತಡೆದುಕೊಂಡಿದ್ದರೆ ಕುರ್ಚಿಯನ್ನು ಅವರೇ ಕೈ ಹಿಡಿದು ಕೊಡುತ್ತಿದ್ದರು. ನಿಮಗೆ ಅದನ್ನು ಕದ್ದೇ ತೆಗೆದುಕೊಳ್ಳಬೇಕಿತ್ತು.

ಅವರಿಗೆ ಇನ್ನೂ ನಿಮ್ಮ ಮೇಲೆ ಅನುಮಾನವಿಲ್ಲ. ಸಭೆಗೆ ಬಾರದ್ದಕ್ಕೆ ಶಾಂತಾರಾಮ ಬೇಜಾರು ಮಾಡಿಕೊಂಡನೇನೋ ಎಂದು ಕೇಳುತ್ತಾರೆ. ಜಟ್ಟುವಿನ ಹೆಸರು ಎತ್ತಿದರೆ ಮುಖ ತಿರುಗಿಸುತ್ತಾರೆ. ಊರಿನವರು ಅವನನ್ನು ಈಗ ಕಡ್ಡಿ ಜಟ್ಟು ಎನ್ನುತ್ತಿದ್ದಾರೆ. ಯಾರ ಮನೆಗೆ ಹೋದರೂ ಕಾಗದ ಎತ್ತಿಡುತ್ತಾರಂತೆ.

ಅಧ್ಯಕ್ಷಗಿರಿ ಬಿಡಿ ಎಂದು ನಾನು ಕೇಳುವುದಿಲ್ಲ. ಒಂದು ಸಲ ಬನ್ನಿ. ಅವರ ಎದುರು ಕೂತು, ನಿಮ್ಮ ಬಾಯಿಂದ, ಜಟ್ಟು ಅಲ್ಲ, ನಾನು ಎಂದು ಹೇಳಿ ಹೋಗಿ. ಕಾರವಾರದಿಂದ ಒಂದು ತಾಸಿನ ದಾರಿ.

ಆಡಮ್ಸನ ಹೆಂಡತಿ ಮೂರು ವರ್ಷವಾದ ಮೇಲೆ ಗಂಡನಿಗೆ ತಿಳಿಯದೆ ಜೆಫರ್ಸನ್‌ಗೆ ಪತ್ರ ಬರೆದು ಇಂಥದ್ದೇ ಲೆಕ್ಕ ಕೇಳಿದಳು ಎಂದು ಮಾಸ್ತರು ಹಿಂದೊಮ್ಮೆ ಹೇಳಿದ್ದರು. ನಿಮ್ಮ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ.

ಗೋದಾವರಿ ನಾಯಕ


ಕದ್ವಾಡ
2 ಆಗಸ್ಟ್ 2004

ಅಕ್ಕ, ಐದು ತಿಂಗಳು ಉತ್ತರಿಸದೆ ಇದ್ದೆ. ಎರಡು ಸಲ ಅಂಕೋಲೆಯ ಸ್ಟ್ಯಾಂಡಿನವರೆಗೆ ಬಂದು ತಿರುಗಿ ಹೋದೆ. ಕೆಳಗಿನದು ಮಾಸ್ತರಿಗೆ ಬರೆದದ್ದು. ದಯವಿಟ್ಟು ಓದಿ ಹೇಳಿ.

ಪೂಜ್ಯ ಗುರುಗಳಿಗೆ,

ಕರಪತ್ರವನ್ನು ನಾನು ಬರೆಯಲಿಲ್ಲ. ಆದರೆ ನಿಮ್ಮ ಕಣ್ಣಿನ ವಿಷಯವನ್ನೂ ಕಡ್ಡಿಯ ವಿಷಯವನ್ನೂ ಹೇಳಿದವನು ನಾನು. ಹೋದ ವರ್ಷ ಜೂನಿನಲ್ಲಿ ಚಹಾ ಕುಡಿಯಲು ಬಂದ ಕಾರವಾರದ ಸದಸ್ಯರಿಬ್ಬರೆದುರು ಅಕ್ಕನ ಪತ್ರ ಮೇಜಿನ ಮೇಲೆಯೇ ಇತ್ತು. ಅವರು ಬರೆದದ್ದನ್ನು ಅಚ್ಚಿಗೆ ಮೊದಲು ನನಗೆ ತೋರಿಸಿದರು. ಎರಡು ಸಾಲು ಕಟುವಾಗಿದೆ ಎಂದು ಹೊಡೆದುಹಾಕಿದೆ. ಕಡ್ಡಿಯ ಸಾಲು ಹೊಡೆಯಲಿಲ್ಲ. ಅದು ಚೆನ್ನಾಗಿ ಬಂದಿದೆ ಎನಿಸಿತ್ತು.

ಓದಲಾರದವರು ಸಹಿ ಮಾಡುವುದು ಸರಿಯಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳಲ್ಲ. ಆದರೆ ಹದಿನಾಲ್ಕು ವರ್ಷ ನಿಮ್ಮ ಸಹಿಯ ಕೆಳಗೆ ನನ್ನ ಸಹಿ ಹಾಕಿ ಹಾಕಿ, ಒಂದು ಸಲ ಮೇಲೆ ಹಾಕಬೇಕೆಂಬ ಆಸೆಯಿತ್ತು. ರಾಜೀನಾಮೆ ಕೊಟ್ಟು ಕದ್ವಾಡಕ್ಕೆ ಬಂದದ್ದೂ ಆ ಆಸೆಯಿಂದಲೇ. ಜಟ್ಟು ನಿರಪರಾಧಿ.

ಎದುರು ಬಂದು ಹೇಳುವ ಧೈರ್ಯ ನನಗಿಲ್ಲ. ಕ್ಷಮಿಸಿ.

ನಿಮ್ಮ ಶಿಷ್ಯ
ಶಾಂತಾರಾಮ


ಬೊಬ್ರುವಾಡ
19 ಆಗಸ್ಟ್ 2004

ಶಾಂತಾರಾಮ ಅವರಿಗೆ,

ನಿಮ್ಮ ಪತ್ರವನ್ನು ಮೂರು ದಿನ ಅಕ್ಕಿ ಡಬ್ಬಿಯಲ್ಲಿಟ್ಟಿದ್ದೆ. ನಿಮ್ಮ ಬಾಯಿಂದ ಹೇಳಿ ಎಂದರೆ ಇದನ್ನೂ ಇನ್ನೊಬ್ಬರ ಬಾಯಿಗೆ ಹಾಕಿದಿರಿ. ನಿಮ್ಮ ನಾಲ್ಕನೆಯ ಅಧ್ಯಾಯದ ಮಾತನ್ನು ಪೂರ್ತಿ ನಡೆಸಿಕೊಟ್ಟಿರಿ. ಸುಡೋಣ ಎಂದುಕೊಂಡೆ. ಆದರೆ ಸುಟ್ಟರೆ ಜಟ್ಟು ಕಡ್ಡಿ ಜಟ್ಟುವಾಗಿಯೇ ಸಾಯುತ್ತಾನೆ. ಅದಕ್ಕೆ ನಾಲ್ಕನೆಯ ದಿನ ಬೆಳಿಗ್ಗೆ, ಮಾಸ್ತರು ಜಗಲಿಯಲ್ಲಿ ಕೂತಿದ್ದಾಗ ಓದಿದೆ.

ಅಕ್ಕನ ಪತ್ರ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಅವಂಗೆ ಬರೆದವಳು ನೀನಾ?”

“ಹೌದು.”

“ನನ್ನ ಹತ್ರ ಆಣೆ ಹಾಕಿದ ಮೇಲೆ?”

“ಹೌದು.”

“ಮುಂದೆ ಓದು” ಎಂದರು. ನಾನು ನಿಮ್ಮ ಹೆಸರಿನವರೆಗೆ ಓದಿದೆ.

ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಭರತನ ಕೈ ಹಿಡಿದು ಜಟ್ಟುವಿನ ಮನೆಗೆ ಹೋದರು. ನಾನು ಬರುತ್ತೇನೆ ಎಂದರೆ ಬೇಡ ಎಂದರು. ಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, ತಪ್ಪು ನನ್ನದು ಜಟ್ಟು ಎಂದರಂತೆ. ಸೋಮಿ ಅತ್ತಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಭರತ.

ಜಟ್ಟು ಈಗ ದಿನಾ ಒಂಬತ್ತಕ್ಕೆ ಬರುತ್ತಾನೆ. ನಾಲ್ಕನೆಯ ಇಯತ್ತೆ ಕಲಿತವನು, ಪೇಪರನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾನೆ. ಒಂದು ಸುದ್ದಿ ಮುಗಿಯಲು ಕಾಲು ತಾಸು ಬೇಕು. ಮಾಸ್ತರು ತಿದ್ದುತ್ತಾ, ತಾಳ್ಮೆಯಿಂದ ಕೇಳುತ್ತಾರೆ. ನಾನು ಅಡುಗೆಮನೆಯಲ್ಲಿ ಕೂತು ಕೇಳುತ್ತೇನೆ. ಮೊನ್ನೆ ರೇಷನ್ ಕಾರ್ಡಿನ ಅರ್ಜಿ ಬಂತು. ಅಭ್ಯಾಸದಂತೆ ಓದಿ ಹೇಳಿ, ಕಡ್ಡಿ ಇಟ್ಟು, ಅವರ ಬೆರಳನ್ನು ಅದರ ಮೇಲಿಟ್ಟೆ. ಅವರು ಕಡ್ಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜಟ್ಟು ಬರಲಿ ಎಂದರು.

ಬೈಯುವುದಿಲ್ಲ. ಊಟ ಮಾಡುತ್ತಾರೆ, ಚಹಾ ಕೇಳುತ್ತಾರೆ, ಮೀನು ಚೆನ್ನಾಗಿದೆ ಎನ್ನುತ್ತಾರೆ. ಓದು ಎಂದು ಮಾತ್ರ ಹೇಳುವುದಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಡಮ್ಸನ ಹೆಂಡತಿ ಬರೆದ ಪತ್ರಗಳನ್ನು ಗಂಡ ಕಡೆಗೊಂದು ದಿನ ತಾನೇ ಓದಿ, ಇದೆಲ್ಲ ನನಗೆ ತಿಳಿಯದೆ ನಡೆದದ್ದು ಎಂದು ಕೆಳಗೆ ಬರೆದಿಟ್ಟನಂತೆ. ಅವನಿಗೆ ಕಣ್ಣಿತ್ತು, ಅವಳ ಮಾನ ಅಷ್ಟರಲ್ಲಿ ಉಳಿಯಿತು. ನನ್ನ ತಪ್ಪನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು, ಅದೂ ನಿಮ್ಮ ಅಕ್ಷರದಲ್ಲಿ. ನಿಮ್ಮನ್ನು ನಂಬಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು. ಅವರ ಮಾತು ಮುರಿದದ್ದಕ್ಕೆ ಏನು ಹೇಳಲಿ, ಆ ಕೆಲಸ ನಿಮಗಿಂತ ಮೊದಲು ಮಾಡಿದವಳು ನಾನು.

ನಿಮ್ಮ ಕಡೆಯ ಅಧ್ಯಾಯವನ್ನು ಪ್ರತಿ ಮಾಡದೆ ವಾಪಸು ಕಳಿಸುತ್ತಿದ್ದೇನೆ. ಬಸ್ಸಿನಲ್ಲಲ್ಲ, ಜಟ್ಟುವಿನ ಕೈಯಲ್ಲಿ. ಒಳಗೆ ಕರೆದು ಕೂರಿಸಿ, ಚಹಾ ಕೊಡಿ. ಅರ್ಪಣೆಯ ಪುಟ ತೆಗೆದುಹಾಕಿ ಎಂದು ಮಾಸ್ತರು ಅವನ ಬಳಿ ಹೇಳಿ ಕಳಿಸಿದ್ದಾರೆ.

ಹಾಳೆಗಳ ನಡುವೆ ಹಿಡಿಕಡ್ಡಿಯ ತುಂಡು ಇದೆ. ಕಸ ಎಂದು ಬಿಸಾಡಬೇಡಿ, ಬಹಳ ದಿನ ಚೆನ್ನಾಗಿ ಕೆಲಸ ಮಾಡಿದೆ. ಈ ಮನೆಯಲ್ಲಿ ಇನ್ನು ಅದಕ್ಕೆ ಕೆಲಸವಿಲ್ಲ, ನನಗೂ ಇಲ್ಲ.

ಗೋದಾವರಿ